ಒತ್ತಿದ ಕೈ

ಮೂವತ್ತೊಂದು ವರ್ಷ ಕಾಡ್ ಮೀನು ಸೀಳಿದ ಕೈ ಇದು,
ಲೋಫೋಟೆನ್ ಬಂದರಿನ ಮೂರನೇ ಶೆಡ್ಡಿನಲ್ಲಿ.
ಚಾಕು ಪಕ್ಕೆಲುಬಿನ ಗುಂಟ ಜಾರಬೇಕು;
ಮುರಿದರೆ ಚೂರು ಮಾಂಸದಲ್ಲೇ ಉಳಿದು
ಎಲ್ಲೋ ಯಾರದೋ ಗಂಟಲಿಗೆ ಸಿಕ್ಕುತ್ತದೆ.
ನಾನು ಮುರಿದವಳಲ್ಲ. ಯಾರನ್ನಾದರೂ ಕೇಳು.

ಮಾರ್ಚಿನ ಆ ಗುರುವಾರ, ಹಲ್ವರ್,
ದೋಣಿಯ ಹಗ್ಗ ಬಿಚ್ಚುತ್ತಿದ್ದವನು
ಏನೋ ಮರೆತವನಂತೆ ನಿಂತೆ,
ಆಮೇಲೆ ಬಿದ್ದೆ.
ಹಲಗೆಯ ಮೇಲಿಟ್ಟ ಫೋನಿನೊಳಗಿಂದ
ಹೆಸರು ಹೇಳದ ಒಬ್ಬ ಹೆಂಗಸು ಎಣಿಸುತ್ತಿದ್ದಳು:
ಒಂದು, ಎರಡು, ಮೂರು, ಇನ್ನೂ ಆಳಕ್ಕೆ,
ನಿಮ್ಮ ಪೂರಾ ಭಾರ ಹಾಕಿ.

ನಾಲ್ಕನೆಯದೋ ಐದನೆಯದೋ ಒತ್ತಿಗೆ
ಲಟಕ್ ಅಂತು.
ಒಣಮೀನಿನ ಬಾಲ ಮುರಿದ ಸದ್ದು. ಅಂಗೈಗೆ ಕೇಳಿತು, ಕಿವಿಗಲ್ಲ.
"ಏನೋ ಮುರಿಯಿತು" ಅಂದೆ.
"ಮುರಿಯಲಿ. ನಿಲ್ಲಿಸಬೇಡಿ."
ಹತ್ತೊಂಬತ್ತು ನಿಮಿಷ.
ಎದೆ ಒಡೆಯುವುದೆಂದರೆ ಬರೀ ಮಾತು ಅಂದುಕೊಂಡಿದ್ದೆ.

ಬಲಕ್ಕೆ ಮೂರು, ಎಡಕ್ಕೆ ಎರಡು,
ನಡುವಿನ ಎದೆಮೂಳೆಗೆ ಅಡ್ಡ ಒಂದು ಬಿರುಕು.
ಡಾಕ್ಟರ್ ಐಲು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದ.
ನಿನ್ನೊಳಗಿನ ಬೇಲಿಯನ್ನು ನಾನು ನೋಡಿದ್ದು ಅದೇ ಮೊದಲು,
ಅದನ್ನು ಮುರಿದದ್ದೂ ನಾನೇ.
"ಪ್ಲಾಸ್ಟರ್ ಹಾಕುವುದಿಲ್ಲವೆ?"
"ಕೈ ಮುರಿದರೆ ಕೈಗೆ ರಜೆ ಕೊಡಬಹುದು," ಅಂದ,
"ಉಸಿರಿಗೆ ರಜೆ ಕೊಡುವುದು ಹೇಗೆ?"

ನನ್ನ ಅಜ್ಜನಿಗೆ ಕೊಟ್ಟಿದ್ದರು.
ಕಪ್ಪಿಯ ಹಿಡಿ ಬಡಿದು ಪಕ್ಕೆ ಮುರಿದಾಗ
ಹಾಯಿಬಟ್ಟೆ ಹರಿದು ಎದೆಗೆ ಬಿಗಿಯಾಗಿ ಸುತ್ತಿದರಂತೆ.
ನೋವು ನಿಂತಿತು, ಆಳವಾದ ಉಸಿರೂ ನಿಂತಿತು.
ಒಳಗೆ ಕಫ ಕಟ್ಟಿ, ಜ್ವರ ಏರಿ,
ಒಂಬತ್ತನೇ ದಿನ ಅಜ್ಜನನ್ನು
ಅದೇ ಹಾಯಿಬಟ್ಟೆಯಲ್ಲಿ ಹೊತ್ತರು.
ಐಲು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಒಂದು ದಿಂಬು ಕೊಟ್ಟ.

ಅದೇ ದಿಂಬು, ನೀಲಿ ಗೀಟಿನದು,
ಈಗ ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ಮಲಗುತ್ತದೆ.
ಕೆಮ್ಮು ಬಂದರೆ ನೀನು ಅದನ್ನು ಎದೆಗೆ ಅಪ್ಪುತ್ತೀಯ,
ನಾನು ಹಿಂದಿನಿಂದ ನಿನ್ನನ್ನು.
ಗಂಟೆಗೊಮ್ಮೆ ಹತ್ತು ದೀರ್ಘ ಉಸಿರು.
ನೋವು ಕೂಗುವ ಮೊದಲೇ ಮಾತ್ರೆ; ಕೂಗಿದ ಮೇಲಲ್ಲ.
ರಾತ್ರಿ ಕುರ್ಚಿಯಲ್ಲೇ ಒರಗಿ ನಿದ್ದೆ.
ಜ್ವರ ಬಂದರೆ, ತುಟಿ ನೀಲಿಯಾದರೆ,
ಉಸಿರು ಗಿಡ್ಡವಾದರೆ, ತಕ್ಷಣ ಫೋನು.
ಆರು ವಾರ. ಇನ್ನೂ ಜಾಸ್ತಿಯಾದರೂ ಹೆದರಬೇಡಿ ಅಂದಿದ್ದಾನೆ.

ನೀನು ಎಣಿಸುವುದಿಲ್ಲ. ನಾನೇ ಎಣಿಸಬೇಕು:
ಒಂದು, ಎರಡು, ಮೂರು—
ಅದೇ ಲೆಕ್ಕ. ನನ್ನ ಮೊಣಕೈ ತಾನಾಗಿ ನೆಟ್ಟಗಾಗುತ್ತದೆ.
ಪಾತ್ರೆ ತೊಳೆಯುವ ನೆಪ ಹೇಳಿ ಎದ್ದು ಹೋಗುತ್ತೇನೆ.

ಬಂದರಿನಲ್ಲಿ ನಿನ್ನದು ಒಂದೇ ಕಥೆ:
"ನಲವತ್ತು ವರ್ಷ ಕಾದು ಕೊನೆಗೂ ಪಕ್ಕೆ ಮುರಿದಳು ಯೋರುನ್."
ಎಲ್ಲರೂ ನಗುತ್ತಾರೆ. ನೀನೂ ನಗಲು ಹೋಗಿ
ಮುಖ ಕಿವುಚಿ ದೋಣಿಯ ಅಂಚು ಹಿಡಿಯುತ್ತೀಯ.
ಸರಿಯಾಯಿತು, ಅನಿಸುತ್ತದೆ ನನಗೆ.
ಆಮೇಲೆ ನಾಚಿಕೆ.

ಶೆಡ್ಡಿಗೆ ಮರಳಿದ ದಿನ ಚಾಕು ನಡುಗಿತು.
ಮೊದಲ ಮೀನಿನಲ್ಲೇ ಎರಡು ಎಲುಬು ಚೂರಾದವು.
ಪಕ್ಕದ ಸೂನ್ನೀವ ಏನೂ ಕೇಳದೆ
ಆ ಮೀನನ್ನು ತನ್ನ ಬುಟ್ಟಿಗೆ ಹಾಕಿಕೊಂಡಳು.

ನಿನ್ನೆ ಅಂಗಿಯ ಗುಂಡಿ ಹಾಕುವಾಗ
ನನ್ನ ಬೆರಳಿಗೆ ಸಿಕ್ಕಿತು: ಬಲಗಡೆ, ಐದನೇ ಎಲುಬಿನ ಮೇಲೆ
ಬಟಾಣಿಯಷ್ಟು ಗಟ್ಟಿ ಉಬ್ಬು.
ಎಲುಬು ತನ್ನನ್ನು ತಾನೇ ಕಟ್ಟಿಕೊಂಡ ಗಂಟು;
ಹಗ್ಗಕ್ಕಿಂತ ಗಂಟು ದಪ್ಪ, ನಿನಗೆ ಗೊತ್ತಿದ್ದದ್ದೇ.
"ಇನ್ನೂ ನೋಯುತ್ತದಾ?"
"ಒತ್ತಿದರೆ," ಅಂದೆ.

ಒತ್ತಲಿಲ್ಲ.
ಕೈ ಮಾತ್ರ ಅಲ್ಲೇ ಇತ್ತು,
ಅದರ ಕೆಳಗೆ ಏಳುತ್ತ, ಇಳಿಯುತ್ತ,
ನಾನು ಎಣಿಸದೆಯೇ.